ಕಬ್ಬಿನ ಹಾಲಿನ ಸಾಪೇಕ್ಷ ಸಾಂದ್ರತೆ ಕಂಡುಹಿಡಿಯುವುದು ಹೇಗೆ?

ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಪ್ರಯೋಗ ಮಾಡಿಸುತ್ತಿದ್ದ ವರ್ಷಗಳಲ್ಲಿ, ಸಾಪೇಕ್ಷ ಸಾಂದ್ರತೆಯ ಸೂತ್ರವನ್ನು ತಪ್ಪು ಬರೆದ ಮಕ್ಕಳನ್ನು ನಾನು ಕಂಡದ್ದು ಕಡಿಮೆ. ಸೀಸೆಯನ್ನು ಸರಿಯಾಗಿ ತುಂಬಿದವರನ್ನು ಕಂಡದ್ದು ಇನ್ನೂ ಕಡಿಮೆ. ದ್ರವದ ತೂಕವನ್ನು ಅಷ್ಟೇ ಗಾತ್ರದ ನೀರಿನ ತೂಕದಿಂದ ಭಾಗಿಸಬೇಕು, ಲೆಕ್ಕ ಇಷ್ಟೇ. ತೊಡಕಿರುವುದು ‘ಅಷ್ಟೇ ಗಾತ್ರದ’ ಎಂಬ ಮಾತಿನಲ್ಲಿ.

ಬಿರಡೆಯ ನಡುವೆ ಸಣ್ಣ ರಂಧ್ರವಿರುವ 50 ಮಿಲಿಲೀಟರಿನ ಸಾಂದ್ರತಾ ಸೀಸೆ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಡಿಸ್ಟಿಲ್ಡ್ ವಾಟರ್ ಮತ್ತು ಆಗತಾನೇ ಅರೆದ ಕಬ್ಬಿನ ಹಾಲು ಬೇಕು. ಒಂದೊಂದೇ ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಬಾರದು. ಹಳೆಯ ಸಿರಪ್ ಬಾಟಲಿಯಂತೂ ಬೇಡವೇ ಬೇಡ, ಏಕೆಂದರೆ ಅದನ್ನು ಎರಡು ಸಲ ಒಂದೇ ಮಟ್ಟಕ್ಕೆ ತುಂಬಲು ಯಾರಿಂದಲೂ ಆಗದು.

ಮೊದಲಿಗೆ, ಒಳಗೂ ಹೊರಗೂ ಪೂರ್ತಿ ಒಣಗಿದ ಸೀಸೆಯನ್ನು ಬಿರಡೆಯ ಸಮೇತ ತೂಗಿ ಬರೆದುಕೊಳ್ಳಿ.

ಎರಡನೆಯದು ನೀರು ತುಂಬುವ ಹಂತ. ಕೈ ತಪ್ಪುವುದು ಇಲ್ಲಿಯೇ. ಸೀಸೆಯನ್ನು ಸ್ವಲ್ಪ ಓರೆ ಹಿಡಿದು, ಒಳಗೋಡೆಯ ಮೇಲೆ ಜಾರಿ ಇಳಿಯುವಂತೆ ಬಾಯಿಯವರೆಗೂ ನಿಧಾನವಾಗಿ ನೀರು ಹೊಯ್ಯಿರಿ. ಗಾಳಿಗುಳ್ಳೆಗಳಿದ್ದರೆ ಬೆರಳಿನಿಂದ ಮೆಲ್ಲಗೆ ತಟ್ಟಿ ಮೇಲೆಬ್ಬಿಸಿದ ಬಳಿಕವೇ ಬಿರಡೆಯನ್ನು ಇಳಿಬಿಡಿ. ಆಗ ಹೆಚ್ಚಿನ ನೀರು ರಂಧ್ರದಿಂದ ಉಕ್ಕಿ, ಬಿರಡೆಯ ನೆತ್ತಿಯ ಮೇಲೆ ಮಣಿಯಂತೆ ನಿಲ್ಲುತ್ತದೆ. ಆ ಮಣಿಯನ್ನು ಬೆರಳಿನಿಂದ ಪಕ್ಕಕ್ಕೆ ಸವರಿ ತೆಗೆಯಬೇಕೇ ಹೊರತು ಹತ್ತಿಯನ್ನೋ ಕಾಗದವನ್ನೋ ಅದರ ಮೇಲೆ ಒತ್ತಬಾರದು. ಒತ್ತಿದರೆ ರಂಧ್ರದೊಳಗಿನ ನೀರನ್ನೂ ಅದು ಹೀರಿಬಿಡುತ್ತದೆ. ಒಂದು ಹನಿಯೆಂದರೆ ಸುಮಾರು 0.05 ಗ್ರಾಂ, ಅಷ್ಟು ಹೋದರೆ ಉತ್ತರದ ಮೂರನೆಯ ದಶಮಾಂಶ ಕೆಟ್ಟಿತೆಂದೇ ಅರ್ಥ. ಸೀಸೆಯನ್ನು ಅಂಗೈಯಲ್ಲಿ ಹಿಡಿಯದೆ ಕತ್ತಿನಲ್ಲಿ ಮಾತ್ರ ಹಿಡಿಯಿರಿ. ಮೈಶಾಖಕ್ಕೆ ನೀರು ಹಿಗ್ಗಿ ಹೊರಬಂದು, ತಣಿದ ಮೇಲೆ ರಂಧ್ರದಲ್ಲಿ ಕೆಳಗಿಳಿದಿರುತ್ತದೆ. ಹೊರಮೈಯನ್ನು ಒರೆಸಿ ತೂಗಿ.

ಮೂರನೆಯ ಹಂತದಲ್ಲಿ ಸೀಸೆಯನ್ನು ಮತ್ತೆ ಒಣಗಿಸುತ್ತಾ ಕೂರುವ ಅಗತ್ಯವಿಲ್ಲ. ಅಳೆಯಬೇಕಾದ ಕಬ್ಬಿನ ಹಾಲಿನಿಂದಲೇ ಎರಡು ಸಲ ಗಲಬರಿಸಿ ಚೆಲ್ಲಿದರೆ ಸಾಕು. ಆದರೆ ಆ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ, ನೊರೆ ಇಳಿಯುವ ತನಕ ಬಿಟ್ಟು, ನೀರಿನಷ್ಟೇ ಉಷ್ಣತೆಗೆ ಬಂದಿದೆಯೆಂದು ನೋಡಿಕೊಂಡು ತುಂಬಬೇಕು. ಅಂಗಡಿಯಲ್ಲಿ ಐಸ್ ಹಾಕಿ ಕೊಡುವ ಹಾಲು ಪ್ರಯೋಗಕ್ಕಲ್ಲ, ಕುಡಿಯುವುದಕ್ಕೆ. ಹೊರಗೆ ಹರಿದ ಅಂಟನ್ನು ಮೊದಲು ಒದ್ದೆ ಬಟ್ಟೆಯಿಂದ, ಬಳಿಕ ಒಣಬಟ್ಟೆಯಿಂದ ಒರೆಸಿ ತೂಗಿ.

ಖಾಲಿ ಸೀಸೆ 24.60 ಗ್ರಾಂ, ನೀರಿನೊಂದಿಗೆ 74.45, ಕಬ್ಬಿನ ಹಾಲಿನೊಂದಿಗೆ 78.24 ಗ್ರಾಂ ತೂಗಿತೆನ್ನೋಣ. ಆಗ ನೀರು 49.85 ಗ್ರಾಂ, ಹಾಲು 53.64 ಗ್ರಾಂ, ಭಾಗಿಸಿದರೆ 1.076. ಇದಕ್ಕೆ ಏಕಮಾನವಿಲ್ಲ, ಮುಂದೆ ಗ್ರಾಂ ಎಂದು ಬರೆಯಬೇಡಿ. ಸಕ್ಕರೆಯ ಅಂಶ ಹೆಚ್ಚಿದಷ್ಟೂ ಈ ಸಂಖ್ಯೆ ಏರುತ್ತದೆ.

ತೇಲುಬುರುಡೆಯಂತಹ ಹೈಡ್ರೋಮೀಟರನ್ನು ಇಳಿಬಿಟ್ಟರೆ ಅರೆಗಳಿಗೆಯಲ್ಲಿ ಉತ್ತರ ಸಿಗುವುದು ನಿಜವಾದರೂ, ನೊರೆಯ ನಡುವೆ ಅದರ ಗೆರೆಯನ್ನು ಸರಿಯಾಗಿ ಓದುವುದು ಕಷ್ಟವಾದ್ದರಿಂದ ನಾನು ಸೀಸೆಯನ್ನೇ ನೆಚ್ಚುತ್ತೇನೆ. ಮೂರು ಸಲ ತುಂಬಿ ತೂಗಿ, ಆದರೆ ಬೆಳಿಗ್ಗೆ ಅರೆದ ಹಾಲನ್ನು ಸಂಜೆಗೆ ಉಳಿಸಬೇಡಿ. ಹುಳಿತರೆ ಸಕ್ಕರೆಯ ಅಂಶ ಕಡಿಮೆಯಾಗಿ ಸಂಖ್ಯೆ ಇಳಿದಿರುತ್ತದೆ. ಕೆಲಸ ಮುಗಿದ ಕೂಡಲೇ ಸೀಸೆಯನ್ನೂ ಬಿರಡೆಯ ರಂಧ್ರವನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದಿಡಿ, ಇಲ್ಲವಾದರೆ ಒಣಗಿದ ಸಕ್ಕರೆಗೆ ಬಿರಡೆ ಕಚ್ಚಿಕೊಂಡು ಮರುದಿನ ಬಿಚ್ಚಲು ಬರುವುದಿಲ್ಲ.