ಹೊನಲು ಬೆಳಕಿನ ಕಬಡ್ಡಿಗೆ ಜೂಮ್ ಬಿಟ್ಟು ಎರಡು ಪ್ರೈಮ್: ನನ್ನ ಅನುಭವ

ಕ್ಯಾನನ್ 70-200 ಎಫ್ 2.8 ಜೂಮ್ ಲೆನ್ಸ್ ಮಾರಿ 85 ಎಫ್ 1.8, 135 ಎಫ್ 2 ಎಂಬ ಎರಡು ಪ್ರೈಮ್ (ಜೂಮ್ ಆಗದ, ಒಂದೇ ಅಳತೆಯ ಲೆನ್ಸ್) ತೆಗೆದುಕೊಳ್ಳುತ್ತೇನೆ ಅಂದಾಗ ಕಾರವಾರ, ಅಂಕೋಲಾ ಕಡೆಯ ನಮ್ಮ ಫೋಟೊಗ್ರಾಫರ್ ಬಳಗದಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. "ರೇಡರ್ ಒಂದು ಕ್ಷಣ ಅಲ್ಲಿ, ಮರುಕ್ಷಣ ಮೈಮೇಲೆ. ಜೂಮ್ ಇಲ್ಲದೆ ಏನು ಮಾಡ್ತೀಯೋ ಮಾರಾಯ" ಅನ್ನುವುದೇ ಎಲ್ಲರ ಮಾತಾಗಿತ್ತು. ಈಗ ಅದೇ ಬಳಗದವರು ಫೋನ್ ಮಾಡಿ 135ರ ರೇಟು ಕೇಳುತ್ತಿದ್ದಾರೆ. ಪಂದ್ಯಾವಳಿ ಸಮಿತಿಗಳು ಮುಂದಿನ ವರ್ಷದ ಫ್ಲೆಕ್ಸಿಗೆ ನನ್ನ ರಾತ್ರಿ ಫೋಟೊಗಳನ್ನೇ ಕೇಳಿ ಪಡೆಯುತ್ತವೆ. ಹಾಗಾಗಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ನಮ್ಮ ಊರುಗಳ ಹೊನಲು ಬೆಳಕು ಟಿವಿಯಲ್ಲಿ ಕಾಣುವ ಬೆಳಕಲ್ಲ. ನಾಲ್ಕು ಮೂಲೆಗೆ ನಾಲ್ಕು ಕಂಬ, ಒಂದೊಂದಕ್ಕೆ ಎರಡೋ ಮೂರೋ ಮೆಟಲ್ ಹಾಲೈಡ್ ಅಥವಾ ಎಲ್‌ಇಡಿ. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ. ಅಂಕಣದ ನಡುವೆ ಎಫ್ 2.8, 1/800 ಸೆಕೆಂಡಿನ ಶಟರಿಗೆ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್) 6400ರಿಂದ 8000 ಬೇಕು. ಅಂತಿಮ ಗೆರೆಯ ಹತ್ತಿರ ಬೆಳಕು ಇನ್ನೊಂದು ಸ್ಟಾಪ್ (ಅರ್ಧದಷ್ಟು) ಕಡಿಮೆ, ಅಂದರೆ 12800ರ ಮೇಲೆ. ಆಟದ ಜೀವ ಇರುವುದೇ ಆ ಕತ್ತಲಿನ ಕಡೆ, ಹಿಡಿತ ಬೀಳುವುದು ಅಲ್ಲೇ. ಶಟರನ್ನು 1/500ಕ್ಕೆ ಇಳಿಸಿದರೆ ಮುಖ ಸಿಗುತ್ತದೆ, ಕೈಬೆರಳು ಕಲಸಿಹೋಗುತ್ತದೆ. ಎಫ್ 2 ಇದ್ದರೆ ಅದೇ 1/800ಕ್ಕೆ ನಡುವೆ 3200ರಿಂದ 4000, ಅಂಚಿನಲ್ಲಿ 6400 ಸಾಕು. 7ಡಿ ಮಾರ್ಕ್ 2ರಂಥ ಕ್ರಾಪ್ ಬಾಡಿಯಲ್ಲಿ (ಸಣ್ಣ ಸೆನ್ಸರಿನ ಕ್ಯಾಮೆರಾ) 3200ಕ್ಕೂ 6400ಕ್ಕೂ ಇರುವ ಅಂತರ ಫ್ಲೆಕ್ಸ್ ಪ್ರಿಂಟಿನಲ್ಲಿ ದೂರದಿಂದಲೇ ಕಾಣುತ್ತದೆ. ಎಕ್ಸ್‌ಪೋಷರ್ ಮ್ಯಾನುವಲ್ಲೇ ಇರಬೇಕು. ಹಿಂದೆ ಬಿಳಿ ಬ್ಯಾನರ್ ಬಂದರೆ ಕ್ಯಾಮೆರಾದ ಬೆಳಕಿನ ಮೀಟರ್ ಮುಖವನ್ನು ಕಪ್ಪು ಮಾಡುತ್ತದೆ. ಎಫ್ 2ರಿಂದ ಫೋಕಸ್ ವೇಗ ಹೆಚ್ಚುತ್ತದೆ ಎಂದು ಮಾತ್ರ ನಂಬಬೇಡಿ. ಆ ಲೆಕ್ಕದಲ್ಲಿ ಎಫ್ 2.8ರ ಜೂಮ್ ಏನೂ ಹಿಂದಿಲ್ಲ. ಗೆಲುವು ಐಎಸ್‌ಒದಲ್ಲಿ ಮಾತ್ರ.

ಇನ್ನು ದೂರದ ಮಾತು. ಪ್ರೈಮ್ ಸಾಕಾಗುವುದಿಲ್ಲ ಅನ್ನುವವರು ಅಂಕಣವನ್ನು ಅಳೆದು ನೋಡಿಲ್ಲ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯಗೆರೆಯಿಂದ ಬಾಕ್ ಲೈನ್ (ರೇಡರ್ ದಾಟಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ ಇನ್ನೊಂದು ಮೀಟರ್. ಔಟಾದವರು ಕೂರುವ ಜಾಗ ಅಂತಿಮ ಗೆರೆಯಿಂದ 2 ಮೀಟರ್ ಹಿಂದೆ ಇರುತ್ತದೆ. ಅದರ ಪಕ್ಕದ ಮೂಲೆಯಲ್ಲಿ, ಗೆರೆಯಿಂದ ಸುಮಾರು 3 ಮೀಟರ್ ಬಿಟ್ಟು ನೆಲಕ್ಕೆ ಕೂರುತ್ತೇನೆ. ಅಲ್ಲಿಂದ ನೇರಕ್ಕೆ ಬೋನಸ್ ಲೈನ್ 5 ಮೀಟರಿಗಿಂತ ಸ್ವಲ್ಪ ಕಡಿಮೆ, ಬಾಕ್ ಲೈನ್ 6ರ ಒಳಗೆ, ಮಧ್ಯಗೆರೆ 9.5. ದೂರಗಳು ಇಷ್ಟು ಖಚಿತವಾಗಿರುವಾಗ ಜೂಮ್ ರಿಂಗ್ ತಿರುಗಿಸುವ ಕೆಲಸವೇ ಇಲ್ಲ.

ಹತ್ತಿರದ ಅರ್ಧಕ್ಕೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ 6ಡಿ ಮೇಲೆ 85. 6 ಮೀಟರಿನಲ್ಲಿ ಅಡ್ಡಕ್ಕೆ ಎರಡೂವರೆ ಮೀಟರ್ ಬರುತ್ತದೆ: ರೇಡರ್ ಮುಖ, ಎರಡೂ ಪಕ್ಕದಲ್ಲಿ ಹಿಡಿಯಲು ಬಂದವರ ಭುಜ. ದೂರದ ಅರ್ಧಕ್ಕೆ 7ಡಿ ಮಾರ್ಕ್ 2 ಮೇಲೆ 135. ನಾವು ಕೂತ ಕಡೆಯ ತಂಡದ ರೇಡರ್ ಆಚೆ ಹೋದಾಗ ಬೆನ್ನು ಕಾಣುತ್ತದೆ, ಅದನ್ನು ಬಿಟ್ಟುಬಿಡಿ. ಅವನು ಸಿಕ್ಕಿಬಿದ್ದು ಮಧ್ಯಗೆರೆಗೆ ಕೈ ಚಾಚುವಾಗ ಮುಖ ನಮ್ಮತ್ತಲೇ ತಿರುಗುತ್ತದೆ. ಮಧ್ಯಗೆರೆಯ ದೂರಕ್ಕೆ 135 ಕೊಡುವುದು ಒಂದೂವರೆ ಮೀಟರ್ ಅಗಲ. ಚಾಚಿದ ಕೈ, ಹಲ್ಲು ಕಚ್ಚಿದ ಮುಖ, ಕಾಲು ಹಿಡಿದವನ ತಲೆ ಮೂರೂ ಅದರಲ್ಲಿ ಕೂತುಬಿಡುತ್ತವೆ. ಕಬಡ್ಡಿಯಲ್ಲಿ ಇದಕ್ಕಿಂತ ಒಳ್ಳೆಯ ಫ್ರೇಮ್ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಪ್ಪಿಹೋಗುವುದು ಯಾವುದು? 135 ಕಣ್ಣಿಗಿಟ್ಟಾಗ ಆಟ ಥಟ್ಟನೆ ಹತ್ತಿರ ಬಂದರೆ ತಲೆಯೋ ಕಾಲೋ ಕತ್ತರಿಸುತ್ತದೆ. ಹತ್ತು ರೇಡಿನಲ್ಲಿ ಎರಡು ಹೀಗೆ ಹೋಗುತ್ತವೆ. ಜೂಮಿನಲ್ಲಿ ಅವೆರಡೂ ಸಿಗುತ್ತಿದ್ದವು, ಆದರೆ ಹತ್ತೂ ನಾಯ್ಸ್ ತುಂಬಿ ಬರುತ್ತಿದ್ದವು. ಎರಡನೆಯದು ಡೆಪ್ತ್, ಅಂದರೆ ಹಿಂದೆ ಮುಂದೆ ಎಷ್ಟು ದೂರ ಚೂಪಾಗಿ ಸಿಗುತ್ತದೆ ಎಂಬುದು. ಕ್ರಾಪ್ ಬಾಡಿಯಲ್ಲಿ 135 ಎಫ್ 2ಕ್ಕೆ 10 ಮೀಟರಿನಲ್ಲಿ ಸಿಗುವುದು ಸುಮಾರು 40 ಸೆಂಟಿಮೀಟರ್. ಫೋಕಸ್ ಎದೆಯ ನಂಬರಿನ ಮೇಲೆ ಕೂತು, ರೇಡರ್ ಮುಂದೆ ಬಾಗಿದರೆ ಮುಖ ಮಸುಕು. ಹಾಗಾಗಿ ಒಂದೇ ಫೋಕಸ್ ಪಾಯಿಂಟ್, ಅದರ ಸುತ್ತ ನಾಲ್ಕು ಸಹಾಯಕ ಪಾಯಿಂಟ್, ಗುರಿ ಸದಾ ಮುಖ. ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಮೈನಸ್ ಕಡೆ ಇಡಿ, ನಡುವೆ ಅಂಪೈರ್ ಹಾದರೂ ಫೋಕಸ್ ಜಿಗಿಯುವುದಿಲ್ಲ. ಉಳಿದೆರಡು ಸೆಟ್ಟಿಂಗ್ ನನ್ನ ಹತ್ತಿರವೇ ಇರಲಿ, ಅವು ನನ್ನ ಅನ್ನದ ವಿಷಯ. 85 ಪೂರ್ತಿ ತೆರೆದರೆ ಬಿಳಿ ಜೆರ್ಸಿಯ ಅಂಚಿಗೆ, ದೀಪದ ಸುತ್ತ ನೇರಳೆ ಗೆರೆ ಬರುತ್ತದೆ. ಎಫ್ 2.2ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ.

ದೀಪ ಮಿನುಗುವುದು ಲೆನ್ಸಿನ ತಪ್ಪಲ್ಲ, ಆದರೂ ಬೈಗುಳ ಲೆನ್ಸಿಗೇ ಬೀಳುತ್ತದೆ. 50 ಹರ್ಟ್ಸ್ ಕರೆಂಟಿಗೆ ಮೆಟಲ್ ಹಾಲೈಡ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/800ರಲ್ಲಿ ಒಂದು ಫ್ರೇಮ್ ಬೆಳ್ಳಗೆ, ಇನ್ನೊಂದು ಹಳದಿ, ಮತ್ತೊಂದು ಅರ್ಧ ಕಪ್ಪು. 7ಡಿ ಮಾರ್ಕ್ 2ರಲ್ಲಿ ಆ್ಯಂಟಿ-ಫ್ಲಿಕರ್ ಹಾಕಿದರೆ ಬೆಳಕು ಏರಿದ ಹೊತ್ತಿಗೇ ಶಟರ್ ಬೀಳುತ್ತದೆ, ವೇಗ ಮಾತ್ರ ಸ್ವಲ್ಪ ತಗ್ಗುತ್ತದೆ. 6ಡಿಯಲ್ಲಿ ಆ ಸೌಕರ್ಯವಿಲ್ಲ, ಮೂರಕ್ಕೊಂದು ಫ್ರೇಮ್ ಬಿಟ್ಟುಕೊಡಬೇಕು. ಜನರೇಟರ್ ಮೇಲೆ ಹೊರೆ ಬಿದ್ದು ಹರ್ಟ್ಸ್ ಇಳಿದರೆ 7ಡಿಯೂ ತಬ್ಬಿಬ್ಬಾಗುತ್ತದೆ. ಪಂದ್ಯಕ್ಕೆ ಮೊದಲೇ ಲೈಟಿನವರನ್ನು ಹಿಡಿದು, ತ್ರೀ-ಫೇಸ್ ಇದ್ದರೆ ಅಂಕಣದ ದೀಪಗಳನ್ನು ಮೂರೂ ಫೇಸಿಗೆ ಹಂಚಿಸಿ. ಒಂದು ದೀಪ ಇಳಿದಾಗ ಇನ್ನೊಂದು ಏರಿರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ದುಡ್ಡು ನೆನಪಿದ್ದಷ್ಟು: 70-200ರ ಎರಡನೇ ಆವೃತ್ತಿ ಮಾರಿ ಬಂದದ್ದು 80 ಸಾವಿರದ ಆಸುಪಾಸು. ಸೆಕೆಂಡ್ ಹ್ಯಾಂಡ್ 135ಕ್ಕೆ 38, 85ಕ್ಕೆ 17, ಲೆನ್ಸಿನ ಅಳತೆ ಹಿಗ್ಗಿಸುವ 1.4 ಎಕ್ಸ್‌ಟೆಂಡರಿಗೆ 12 ಸಾವಿರ ಹೋಯಿತು. 6ಡಿ ನನ್ನ ಬಳಿ ಮೊದಲೇ ಇತ್ತು. ಎರಡನೇ ಬಾಡಿ ಇಲ್ಲದವರು ಇನ್ನೂ 30-35 ಸಾವಿರ ಕೂಡಿಸಿಕೊಳ್ಳಬೇಕು. ಒಂದೇ ಬಾಡಿ ಇಟ್ಟುಕೊಂಡು ರೇಡ್ ನಡುವೆ ಲೆನ್ಸ್ ಬದಲಿಸುವ ಯೋಚನೆ ಇದ್ದರೆ ಈ ದಾರಿ ಬೇಡವೇ ಬೇಡ. ತೂಕದ ಲಾಭವೂ ಇದೆ: ಜೂಮ್ ಒಂದೂವರೆ ಕಿಲೊ, 135 ಮುಕ್ಕಾಲು ಕಿಲೊ. ಬೆಳಗಿನ ಜಾವ ಫೈನಲ್ ಶುರುವಾಗುವಾಗ ಮಣಿಕಟ್ಟಿಗೆ ಅದರ ಬೆಲೆ ಗೊತ್ತಾಗುತ್ತದೆ.

ಎಕ್ಸ್‌ಟೆಂಡರ್ 135ಕ್ಕೆ ಹಾಕಿದರೆ 189 ಎಫ್ 2.8 ಆಗುತ್ತದೆ. ಅದೊಂದಿದ್ದರೆ 200ರ ಪ್ರೈಮ್ ಬೇರೆ ಬೇಡ. 85ಕ್ಕೆ ಅದು ಕೂರುವುದಿಲ್ಲ, ಹಿಂದಿನ ಗಾಜು ತಾಗುತ್ತದೆ, ಒತ್ತಿ ಕೂರಿಸಲು ಹೋಗಬೇಡಿ. ವಾಲಿಬಾಲಿಗೆ ಹಳೆಯ ನಿಕಾನ್ 180 ಎಫ್ 2.8 ಮ್ಯಾನುವಲ್ ಲೆನ್ಸನ್ನು ಅಡಾಪ್ಟರ್ ಹಾಕಿ ನೋಡಿದ್ದೇನೆ. ನೆಟ್ಟಿನ ಕೆಂಪು-ಬಿಳಿ ಆಂಟೆನಾಕ್ಕೆ ಫೋಕಸ್ ಕಟ್ಟಿ, ರಿಂಗಿಗೆ ಟೇಪ್ ಸುತ್ತಿ, ಸ್ಮ್ಯಾಶಿಗೆ ಕಾಯುವುದು. ಎಗರುವವನು ನೆಟ್ಟಿನ ಗೆರೆಗೇ ಬರುವುದರಿಂದ ಆಟೊಫೋಕಸ್ ಇಲ್ಲದೆಯೂ ಚೂಪಾಗಿ ಸಿಗುತ್ತದೆ. ಕಬಡ್ಡಿಗೆ ಅದು ಸುತರಾಂ ನಡೆಯುವುದಿಲ್ಲ.

ಹಾಗಂತ ಜೂಮಿಗೆ ಕೆಲಸವೇ ಇಲ್ಲ ಎಂದಲ್ಲ. ಹಳಿಯಾಳದ ಕುಸ್ತಿಗೆ ನಾನು ಈಗಲೂ 70-200 ಬಾಡಿಗೆಗೆ ತರುತ್ತೇನೆ. ಜಟ್ಟಿಗಳು ಕಾಲ ಬುಡದಿಂದ ಅಖಾಡದ ಆಚೆ ತುದಿಗೆ ಉರುಳುತ್ತಾರೆ, ಸಂಜೆಯವರೆಗೆ ಬೆಳಕೂ ಧಾರಾಳ. ಕಾರವಾರದ ಟಾಗೋರ್ ಕಡಲತೀರದಲ್ಲಿ ಆಟ ಇದ್ದರೂ ಜೂಮೇ ಸರಿ, ಗಾಳಿಗೆ ಮರಳು ಹಾರುವಲ್ಲಿ ಲೆನ್ಸ್ ಬಿಚ್ಚುವ ಪ್ರಶ್ನೆಯೇ ಇಲ್ಲ. ಉದ್ದ ಚಾಚುವ 150-600ರ ನಮೂನೆಗಿಂತ ಒಳಗೇ ಜೂಮ್ ಆಗುವ 70-200 ಅಲ್ಲಿಗೆ ಒಳ್ಳೆಯದು. ಚಾಚುವ ಲೆನ್ಸ್ ಪಿಚಕಾರಿಯ ಹಾಗೆ ಗಾಳಿ ಎಳೆಯುತ್ತದೆ, ಜೊತೆಗೆ ಉಪ್ಪೂ ಧೂಳೂ ಒಳಗೆ. ಮನೆಗೆ ಬಂದೊಡನೆ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಆಮೇಲೆ ಒಣಬಟ್ಟೆ.

ಕಾರವಾರದ ಮಾಲಾದೇವಿ ಮೈದಾನದ ಹಗಲು ಕ್ರಿಕೆಟಿಗೆ 300 ಎಫ್ 4 ಪ್ರೈಮ್, ಕ್ರಾಪ್ ಬಾಡಿ. 60 ಮೀಟರಿನಿಂದ ನಾಲ್ಕೂವರೆ ಮೀಟರ್ ಅಗಲ ಬರುತ್ತದೆ, ಬ್ಯಾಟ್ಸ್‌ಮನ್ನೂ ಕೀಪರೂ ಒಟ್ಟಿಗೆ. ಸಂಜೆ ಐದೂವರೆಯ ನಂತರ 150-600ರ ಎಫ್ 6.3 ಕೈಕೊಡುತ್ತದೆ, ಈ 300 ಇನ್ನೂ ಅರ್ಧ ಗಂಟೆ ಎಳೆಯುತ್ತದೆ. ನಡು ಮಧ್ಯಾಹ್ನ ನೆಲದ ಝಳಕ್ಕೆ ದೂರದ ಆಟಗಾರ ಅಲುಗಿದಂತೆ ಕಂಡರೆ ಯಾವ ಲೆನ್ಸೂ ಅದನ್ನು ಸರಿಮಾಡದು.

ಕೊನೆಗೆ, ಕರಾವಳಿಯಲ್ಲಾಗಲಿ ಶಿರಸಿ ಕಡೆಯಾಗಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಫಂಗಸ್ ವಿಚಾರ. 70-200ರಲ್ಲಿ 23 ಗಾಜು, 135ರಲ್ಲಿ 10, 85ರಲ್ಲಿ 9. ಗಾಜು ಹೆಚ್ಚಿದಷ್ಟೂ ಬೂಷ್ಟು ಕೂರುವ ಜಾಗ ಹೆಚ್ಚು, ಬಿಚ್ಚಿ ಒರೆಸುವ ಕೂಲಿಯೂ ಹೆಚ್ಚು. ಕತ್ತಲ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡನ ಬಲೆಯಂಥ ಎಳೆ ಕಂಡರೆ ಅರ್ಧ ರೇಟಿಗೂ ಬೇಡ. ಮಳೆಗಾಲದಲ್ಲಿ ರಬ್ಬರ್ ಬಿಗಿಯ ಡಬ್ಬಿ, ಸಿಲಿಕಾ ಜೆಲ್, ನೂರಿನ್ನೂರರ ತೇವದ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು, 60 ದಾಟಿದ ದಿನವೇ ಜೆಲ್ಲನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ ಮತ್ತೆ ಒಳಗಿಡಿ.