ನಿದ್ದೆ ಬರ್ತಿಲ್ವಾ? ಮೊದಲು ಸಂಜೆ ಏನು ತಿಂದಿರಿ ನೋಡಿ

ರಾತ್ರಿ 12 ಆದರೂ ಕಣ್ಣು ಹತ್ತಲ್ಲ ದೊಡ್ಡಮ್ಮ, ಏನು ತಿಂದರೆ ನಿದ್ದೆ ಬರುತ್ತೆ ಅಂತ ತಂಗಿಯ ಮಗಳು ಕೇಳಿದಳು. ಸಂಜೆ ಏನು ತಿಂದೆ ಅಂತ ನಾನು ಕೇಳಿದೆ. 6 ಗಂಟೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮೇಲೊಂದು ಚಹಾ. ಹಸಿವಿಲ್ಲ ಅಂತ ಊಟ 10 ಗಂಟೆಗೆ. ನಮ್ಮ ದಾವಣಗೆರೆಯಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ?

ಚಹಾ, ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನ್ ಇರುತ್ತೆ, ಅದು ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. 6ಕ್ಕೆ ಕುಡಿದದ್ದು 11ಕ್ಕೂ ಅರ್ಧ ಒಳಗೇ ಇರುತ್ತೆ. ನನಗೇನೂ ಆಗಲ್ಲ ಅನ್ನುವವರೂ ಒಂದು ವಾರ ಮಧ್ಯಾಹ್ನ 3ರ ನಂತರ ಚಹಾ ಬಿಟ್ಟು ನೋಡಿ. ಮೊದಲ ಒಂದೆರಡು ದಿನ ತಲೆ ನೋಯಬಹುದು, ಹೆದರಬೇಡಿ. ಕೈಗೆ ಬಿಸಿ ಲೋಟ ಬೇಕೇ ಬೇಕು ಅನಿಸಿದರೆ ಜೀರಿಗೆ, ಧನಿಯಾ ಕುದಿಸಿ ಕಷಾಯ ಮಾಡಿಕೊಳ್ಳಿ.

ಎಣ್ಣೆ, ಖಾರ ತಿಂದು ಮಲಗಿದರೆ ಹುಳಿ ಎದೆಗೆ ಬಂದು ಉರಿಯುತ್ತೆ. ಅದಕ್ಕೇ ಮಲಗುವ 2-3 ಗಂಟೆ ಮೊದಲು ಊಟ ಮುಗಿಯಲಿ. ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಇಲ್ಲ ನವಣೆ ಅನ್ನಕ್ಕೆ ಮಜ್ಜಿಗೆ, ಸಾಕು. ಹಾಗಂತ ಉಪವಾಸ ಮಲಗಬೇಡಿ, ಹಸಿವಿಗೂ ಎಚ್ಚರ ಆಗುತ್ತೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಅಂತೂ ಊಟ ಬಿಡಲೇಬಾರದು.

ಇನ್ನು ಹಾಲು. ಹಾಲಿನಲ್ಲಿ ಟ್ರಿಪ್ಟೊಫ್ಯಾನ್ ಅನ್ನುವ ಅಂಶ ಇದೆ, ದೇಹ ಅದರಿಂದಲೇ ನಿದ್ದೆ ತರಿಸುವ ಮೆಲಟೋನಿನ್ ಮಾಡಿಕೊಳ್ಳುತ್ತೆ, ಆದರೆ ಒಂದು ಲೋಟದಲ್ಲಿ ಇರೋದು ಸ್ವಲ್ಪವೇ, ಮಾತ್ರೆ ಹಾಗೆ ಕೆಲಸ ಮಾಡುತ್ತೆ ಅಂದುಕೊಳ್ಳಬೇಡಿ. ಬೆಚ್ಚಗೆ ಅರ್ಧ ಲೋಟ ಕುಡಿದರೆ ಹೊಟ್ಟೆಗೆ ಹಿತ, ಅಷ್ಟೇ. ಜಾಜಿಕಾಯಿ ತೇಯ್ದು ಹಾಕುವುದಾದರೆ ಒಂದು ಚಿಟಿಕೆ ಮೀರಬೇಡಿ. ಚಮಚಗಟ್ಟಲೆ ಹಾಕಿದರೆ ವಾಂತಿ, ತಲೆಸುತ್ತು, ಎದೆಬಡಿತ ಎಲ್ಲಾ ಶುರು. ಗರ್ಭಿಣಿಯರಿಗೆ, ಮಕ್ಕಳಿಗೆ ಬೇಡವೇ ಬೇಡ. ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ನಿದ್ದೆ ಎಳೆಯೋದು ನಮಗೆಲ್ಲಾ ಗೊತ್ತು, ಆದರೆ ಬೆಲ್ಲ, ಕಾಯಿ ಇರುವ ಪಾಯಸ ದಿನಾ ರಾತ್ರಿ ಭಾರ, ಹಬ್ಬಕ್ಕೆ ಇರಲಿ. (ದುಬೈಗೆ ಹೋಗುವ ಮಕ್ಕಳ ಬ್ಯಾಗಿಗೆ ಗಸಗಸೆ ಕಟ್ಟಿ ಕಳಿಸಬೇಡಿ, ಅಲ್ಲಿ ಅದಕ್ಕೆ ನಿಷೇಧ ಇದೆ.)

ಕುಡಿದರೆ ಚೆನ್ನಾಗಿ ನಿದ್ದೆ ಅನ್ನುವ ಗಂಡಸರಿಗೂ ಒಂದು ಮಾತು. ಮಲಗುವಾಗ ಬೇಗ ಕಣ್ಣು ಮುಚ್ಚುತ್ತೆ ನಿಜ, ಆಮೇಲೆ ನಡುರಾತ್ರಿ ಎಚ್ಚರ ಆಗಿ ಬೆಳಗಿನ ತನಕ ಹೊರಳಾಡಬೇಕಾಗುತ್ತೆ.

ತಂಗಿಯ ಮಗಳು ಮಂಡಕ್ಕಿ ಬಿಟ್ಟಿಲ್ಲ, ಬಿಡು ಅಂತ ನಾನೂ ಹೇಳಲ್ಲ. ಈಗ ಭಾನುವಾರ 4 ಗಂಟೆಗೇ ತಿಂದು, ಮೇಲೆ ಮಜ್ಜಿಗೆ ಕುಡೀತಾಳೆ.