ಗಂಡ ಹೆಂಡ್ತಿ ಮನೆಕೆಲಸ ಹಂಚ್ಕೊಳ್ಳೋದು: ನಮ್ಮನೇಲಿ ಆಗಿದ್ದು ಹೀಗೆ

ನಾವಿಬ್ರೂ ಆಫೀಸಿಗೆ ಹೋಗೋರು, ಬೆಂಗಳೂರಲ್ಲಿ ಬಾಡಿಗೆ ಮನೆ, ಮಗ ಮೂರನೇ ಕ್ಲಾಸು, ಅತ್ತೆ ಜೊತೇಲೇ ಇದಾರೆ. ನಮ್ಮೆಜಮಾನ್ರು ಯಾವತ್ತೂ ಕೆಲಸ ಮಾಡಲ್ಲ ಅಂದವ್ರಲ್ಲ. ಆದ್ರೆ ಆ "ಹೇಳು, ಮಾಡ್ತೀನಿ" ಇದ್ಯಲ್ಲ, ಅದ್ರಲ್ಲೇ ನಾನು ಸುಸ್ತಾಗ್ತಿದ್ದೆ. ತರಕಾರಿ ತರೋರು ಅವ್ರೇ, ಆದ್ರೆ ಏನ್ ಖಾಲಿ ಆಗಿದೆ, ನಾಳೆ ಯಾವ ಸಾರು, ಫ್ರಿಜ್ಜಲ್ಲಿರೋ ಸೊಪ್ಪು ಇನ್ನೊಂದಿನ ತಡಿಯತ್ತಾ, ಇದೆಲ್ಲಾ ನನ್ ತಲೇಲೇ ಓಡ್ತಿರ್ಬೇಕು.

ಒಂದು ಭಾನುವಾರ ಇಬ್ರೂ ಕೂತು ಮಗನ ಹಳೇ ನೋಟ್‌ಬುಕ್ಕಲ್ಲಿ ಎಲ್ಲಾ ಕೆಲಸ ಬರೆದ್ವಿ. ಮೊದ್ಲು ನೋಡಿದ್ರೆ ಹೆಚ್ಚುಕಮ್ಮಿ ಸಮಪಾಲೇ ಕಾಣ್ಸ್ತು, ಅವ್ರ ಕಡೆ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗು, ಗಾಡಿ ಸರ್ವಿಸ್ಸು, ನಲ್ಲಿ ರಿಪೇರಿ, ನನ್ ಕಡೆ ತಿಂಡಿ, ಡಬ್ಬಿ, ರಾತ್ರಿ ಅಡುಗೆ, ಬಟ್ಟೆ, ಹೋಮ್‌ವರ್ಕು. ಆಮೇಲೆ ಪ್ರತಿಯೊಂದರ ಪಕ್ಕ ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ ಒಳಗೆ ಆಗ್ಬೇಕು ಅಂತ ಬರೆದ್ವಿ ನೋಡಿ, ಆಗ ಗೊತ್ತಾಯ್ತು. ಅವ್ರ ಕೆಲಸ ಎಲ್ಲಾ ತಿಂಗಳಿಗೋ ಮೂರು ತಿಂಗಳಿಗೋ ಒಂದ್ಸಲ, ಇವತ್ತಾಗ್ಲಿಲ್ಲ ಅಂದ್ರೆ ನಾಳೆ. ನನ್ನವು ದಿನಾ ಇರೋವು, ಬೆಳಿಗ್ಗೆ ಸ್ಕೂಲ್ ವ್ಯಾನ್ ಬರೋದ್ರೊಳಗೆ ಮುಗೀಲೇಬೇಕು. ಅದಕ್ಕೇ ಹೊಸ್ದಾಗಿ ಹಂಚ್ಕೊಳ್ಳೋರಿಗೆ ನಾನ್ ಹೇಳೋದು, ಎಷ್ಟು ಕೆಲಸ ಅಂತ ಎಣಿಸ್ಬೇಡಿ, ದಿನಾ ಟೈಮಿಗೆ ಆಗ್ಲೇಬೇಕಾದ್ದು ಯಾರ ಪಾಲಲ್ಲಿದೆ ಅಂತ ನೋಡಿ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವ್ರು 2019ರಲ್ಲಿ ಇಡೀ ದೇಶದಲ್ಲಿ ಮಾಡಿದ ಟೈಮ್ ಯೂಸ್ ಸರ್ವೆ, ಅಂದ್ರೆ ಜನ ದಿನದ ಟೈಮನ್ನ ಯಾವ್ದಕ್ಕೆ ಎಷ್ಟು ಕಳೀತಾರೆ ಅನ್ನೋ ಲೆಕ್ಕದ ಪ್ರಕಾರ ಸಂಬಳ ಇಲ್ದಿರೋ ಮನೆಗೆಲಸ ಮಾಡೋ ಹೆಂಗಸ್ರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಿದ್ರು, ಗಂಡಸ್ರು 97 ನಿಮಿಷ. ಆ 97 ಕೂಡ ಕೆಲಸಕ್ಕೆ ಕೈ ಹಾಕಿದ ಗಂಡಸ್ರದ್ದು ಅಷ್ಟೇ, ಹಾಗೆ ಕೈ ಹಾಕಿದವ್ರು 100ಕ್ಕೆ 26 ಜನ, ಹೆಂಗಸ್ರು 81. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಆಕ್ಸಿಡೆಂಟ್ ಪರಿಹಾರದ ಕೇಸಲ್ಲಿ ಗೃಹಿಣಿ ಕೆಲಸಕ್ಕೂ ಆದಾಯ ಅಂತ ಲೆಕ್ಕ ಕಟ್ಟಬೇಕು ಅಂತ ಹೇಳಿದಾಗ ಇದೇ ಸರ್ವೆ ಲೆಕ್ಕ ತಗೊಂಡಿತ್ತು. ಇದನ್ನ ಅತ್ತೆಗೆ ಹೇಳ್ದೆ. ಅವ್ರು ಸುಮ್ನೆ ಕೇಳಿಸ್ಕೊಂಡು, ನಾವು ಸೌದೆ ಒಲೆ ಕಾಲದಲ್ಲಿ ನಾಲ್ಕೂವರೆಗೇ ಏಳ್ತಿದ್ವಿ ಕಣೇ, ಅದನ್ನ ಯಾರೂ ಬರ್ಕೊಳ್ಲಿಲ್ಲ ಅಂದ್ರು. ಅವತ್ತಿಂದ ತಮ್ಮ ಮಗ, ಅಂದ್ರೆ ನಮ್ಮೆಜಮಾನ್ರು, ಅಡುಗೆಮನೆಗೆ ಬಂದ್ರೆ ಅವ್ರು ಏನೂ ಅಂದಿಲ್ಲ.

ನಾವ್ ಮಾಡಿದ್ದೇನಂದ್ರೆ ಕೆಲಸನ ಚೂರು ಮಾಡ್ಲಿಲ್ಲ, ಇಡಿಯಾಗಿ ಕೊಟ್ವಿ. ವಾರದ ದಿನ ಬೆಳಿಗ್ಗೆ ತಿಂಡಿ ಪೂರ್ತಿ ನಮ್ಮೆಜಮಾನ್ರದ್ದು. ಪೂರ್ತಿ ಅಂದ್ರೆ ಇಡ್ಲಿ ಆದ್ರೆ ಉದ್ದಿನಬೇಳೆ ಮನೇಲಿದ್ಯಾ ನೋಡೋದು, ಮಧ್ಯಾಹ್ನವೇ ನೆನಿಬೇಕು ಅಂದ್ರೆ ಅಮ್ಮನಿಗೆ ಫೋನ್ ಮಾಡಿ ಹೇಳೋದು, ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ, ಸ್ವಲ್ಪ ಮೆಂತ್ಯ, ರಾತ್ರಿ ರುಬ್ಬೋದು, ಗ್ರೈಂಡರ್ ತೊಳೆದು ಕವುಚಿಡೋದು. ಡಿಸೆಂಬರ್ ಚಳೀಲಿ ಹಿಟ್ಟು ಉಬ್ಬಲ್ಲ ಅಂತ ಅವ್ರೇ ಕಂಡ್ಕೊಂಡು ಆವಾಗ ಬೇಗ ರುಬ್ಬಿ ದಪ್ಪ ಟವೆಲ್ ಸುತ್ತಿ ಇಡ್ತಾರೆ. ಮೊದಮೊದಲು ಇಡ್ಲಿ ಗಟ್ಟಿ ಬಂತು, ನಾನು ಹೋಗಿ ಸರಿ ಮಾಡ್ಲಿಲ್ಲ, ಎಲ್ರೂ ಅದನ್ನೇ ತಿಂದ್ವಿ. ಇದು ಬಹಳ ಮುಖ್ಯ, ಪಕ್ಕದಲ್ಲಿ ನಿಂತು ಉಪ್ಪು ಹಾಕಿದ್ರಾ ಅಂತ ಕೇಳ್ತಿದ್ರೆ ಆ ಕೆಲಸ ಅವ್ರದ್ದಾಗಲ್ಲ, ಮತ್ತೆ ನಮ್ಮ ತಲೆಗೇ ಬರತ್ತೆ.

ಹಾಗೇ ಅತ್ತೆ ಬಿಪಿ ಮಾತ್ರೆ, ಡಾಕ್ಟರ್ ಅಪಾಯಿಂಟ್‌ಮೆಂಟು, ಕಸದ್ದು, ಅಂದ್ರೆ ಹಸಿ ಕಸ ಒಣ ಕಸ ಬೇರೆ ಮಾಡಿ ಗಾಡಿ ಬಂದಾಗ ಹಾಕೋವರೆಗೂ, ಅವ್ರದ್ದು. ರಾತ್ರಿ ಅಡುಗೆ, ಬಟ್ಟೆ, ಮಗನ ಓದು ನಂದು. ಬಿಲ್ಲು ಗಿಲ್ಲು ಯಾರಿಗೆ ಬಿಡುವೋ ಅವ್ರು.

ಪಾತ್ರೆ ತೊಳೆಯೋಕೆ ಬರೋರು ಇದಾರೆ. ಇಲ್ಲೂ ಒಂದು ವಿಷ್ಯ ಇದೆ, ದುಡ್ಡು ಕೊಟ್ಟು ಜನ ಇಟ್ಕೊಂಡ್ರೆ ಕೆಲಸ ಕಮ್ಮಿ ಆಯ್ತು ಅಂತಾರೆ, ಆದ್ರೆ ಅವ್ರು ಬರಲ್ಲ ಅಂದ್ರೆ ಫೋನ್ ಬರೋದು ಹೆಂಗಸಿಗೇ, ರಜೆ ಲೆಕ್ಕ, ಹಬ್ಬಕ್ಕೆ ಸೀರೆ, ಅಡ್ವಾನ್ಸು ಎಲ್ಲಾ ಅವ್ಳೇ ನೋಡ್ಕೋಬೇಕು. ನಾವು ಆ ಫೋನ್ ಕೂಡ ನಮ್ಮೆಜಮಾನ್ರ ನಂಬರಿಗೆ ಬರೋ ಹಾಗೆ ಮಾಡಿದ್ವಿ. ಆಫೀಸಲ್ಲಿ ಮೀಟಿಂಗ್ ಮಧ್ಯೆ ಆ ಕಾಲ್ ಬಂದಾಗ ಅವ್ರಿಗೆ ಅರ್ಥ ಆಗಿದ್ದು ನಾನು ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ಲ.

ಇನ್ನೂ ಹಂಚ್ಕೊಳ್ಳೋಕೆ ಆಗ್ದಿರೋದು ಹಬ್ಬ ಮತ್ತು ನೆಂಟರು. ಯಾರ ಮನೇಲಿ ಮುಂಜಿ, ಯಾರಿಗೆ ಎಷ್ಟು ಮುಯ್ಯಿ, ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಿ ಒಣಗಿಸೋದು ಯಾವಾಗ, ಇದೆಲ್ಲಾ ಈಗ್ಲೂ ನನ್ ತಲೇಲೇ ಇದೆ, ಅವ್ರ ಕಡೆ ನೆಂಟರೂ ಫೋನ್ ಮಾಡೋದು ನನಗೇ. ಈ ವರ್ಷ ಅವ್ರ ಕಡೆಯವ್ರ ಮದ್ವೆ ಮುಂಜಿ ಎಲ್ಲಾ ಅವ್ರೇ ನೆನಪಿಟ್ಕೋಬೇಕು, ಮುಯ್ಯಿ ಅವ್ರೇ ಹಾಕ್ಬೇಕು ಅಂತ ಮಾತಾಡ್ಕೊಂಡಿದೀವಿ. ಮೊದಲ್ನೇ ಮದ್ವೆ ಮುಂದಿನ ತಿಂಗಳು ತುಮಕೂರಲ್ಲಿದೆ, ನಾನಂತೂ ನೆನಪು ಮಾಡಲ್ಲ.